ಚೀನಾ ಬಗ್ಗೆ ಓದ್ಬೇಕಾ? ದೆಹಲಿ, ಬೀಜಿಂಗ್, ತೈಪೆ, ಲಂಡನ್, ಇಲ್ಲಾ ಬೆಂಗಳೂರಲ್ಲೇ ಕೂತು: ಯಾರಿಗೆ ಯಾವ್ದು ಸರಿ

ಪಿಯುಸಿ ಮುಗ್ಸಿದೋರು, ಬಿಎ ಕೊನೇ ವರ್ಷದಲ್ಲಿರೋರು, ಐಟಿ ಕೆಲಸ ಸಾಕಾಗಿ ಬೇರೆ ಏನಾದ್ರೂ ಓದೋಣ ಅಂತ ಹೊರಟೋರು, ಈ ಮೂರೂ ಥರದ ಜನ ಕೇಳೋ ಪ್ರಶ್ನೆ ಒಂದೇ. ಈಗಿನ ಚೀನಾ ಬಗ್ಗೆ, ಅಲ್ಲಿನ ಜನಜೀವನ, ರಾಜಕೀಯ, ಸಂಸ್ಕೃತಿ ಬಗ್ಗೆ ಸೀರಿಯಸ್ಸಾಗಿ ಓದ್ಬೇಕು ಅಂದ್ರೆ ಎಲ್ಲಿಗೆ ಹೋಗೋದು? 2020ರ ಜೂನಲ್ಲಿ ಗಲ್ವಾನ್ ಗಲಾಟೆ ಆದ್ಮೇಲೆ ಟಿವಿ ಚಾನೆಲ್‌ಗಳಲ್ಲಿ ಚೀನಾ ಎಕ್ಸ್‌ಪರ್ಟ್‌ಗಳು ರಾತ್ರೋರಾತ್ರಿ ಹುಟ್ಕೊಂಡ್ರು, ಆದ್ರೆ ಒಂದು ಚೀನೀ ಪೇಪರ್ ಕೈಗೆ ಕೊಟ್ರೆ ಹೆಡ್‌ಲೈನ್ ಆದ್ರೂ ಓದೋರು ಅವರಲ್ಲಿ ಎಷ್ಟು ಜನ ಅಂತ ನೀವೇ ಲೆಕ್ಕ ಹಾಕಿ. ಅಂದ್ರೆ ಜಾಗ ಖಾಲಿ ಇದೆ, ಬನ್ನಿ.

ಯೂನಿವರ್ಸಿಟಿ ರ‍್ಯಾಂಕಿಂಗ್ ನೋಡಿ ತೀರ್ಮಾನ ಮಾಡೋದನ್ನ ಮೊದ್ಲು ಬಿಟ್ಬಿಡಿ. ಈ ಸಬ್ಜೆಕ್ಟ್‌ನಲ್ಲಿ ಭಾಷೆನ ಎಲ್ಲಿ, ಯಾವಾಗ ಕಲೀತೀರಾ ಅನ್ನೋದ್ರ ಮೇಲೆ ಮಿಕ್ಕಿದ್ದೆಲ್ಲ ನಿಂತಿರತ್ತೆ. ಅಮೆರಿಕದ ವಿದೇಶಾಂಗ ಇಲಾಖೆಯೋರು ತಮ್ಮ ಅಧಿಕಾರಿಗಳಿಗೆ ಮ್ಯಾಂಡರಿನ್, ಅಂದ್ರೆ ಚೀನಾದ ಮುಖ್ಯ ಭಾಷೆ, ಕಲಿಸಕ್ಕೆ ಸುಮಾರು 2200 ಗಂಟೆ ಕ್ಲಾಸ್ ಬೇಕು ಅಂತ ಇಟ್ಕೊಂಡಿದಾರೆ, ಫ್ರೆಂಚ್, ಸ್ಪ್ಯಾನಿಷ್‌ಗೆ ಅದರ ಮೂರನೇ ಒಂದು ಭಾಗದಷ್ಟು ಸಾಕು. ಈ 2200 ಗಂಟೆನ ಇಪ್ಪತ್ತೊಂದನೇ ವಯಸ್ಸಲ್ಲಿ ಕೊಡ್ತೀರೋ ಮೂವತ್ತೊಂದನೇ ವಯಸ್ಸಲ್ಲಿ ಕೊಡ್ತೀರೋ, ಪುಕ್ಕಟೆ ಕೊಡ್ತೀರೋ ಲಕ್ಷಗಟ್ಟಲೆ ಸಾಲ ಮಾಡಿ ಕೊಡ್ತೀರೋ, ನಿಜವಾದ ಆಯ್ಕೆ ಇರೋದು ಅಲ್ಲಿ.

ಊರೂರಿನ ವಿಷಯಕ್ಕೆ ಹೋಗೋ ಮುಂಚೆ ಒಂದು ಪ್ರಸಂಗ ಹೇಳ್ತೀನಿ, ಎಲ್ಲಾ ಊರನ್ನೂ ಇದರ ಮೇಲೆ ಉಜ್ಜಿ ನೋಡ್ಬೋದು.

2023ರ ಶುರುವಲ್ಲಿ, ಡಿಗ್ರಿ ಮಾಡಿ ಕೆಲಸ ಸಿಗದೇ ಕೂತಿದ್ದ ಚೀನೀ ಹುಡುಗ್ರು ಹುಡುಗೀರು ಆನ್‌ಲೈನಲ್ಲಿ ತಮ್ಮನ್ನ ತಾವೇ ಕೊಂಗ್ ಯೀಜಿ ಅಂತ ಕರ್ಕೊಳ್ಳಕ್ಕೆ ಶುರು ಮಾಡಿದ್ರು. ಈ ಕೊಂಗ್ ಯೀಜಿ, ಲು ಶುನ್ ಅನ್ನೋ ದೊಡ್ಡ ಲೇಖಕ 1919ರಲ್ಲಿ ಪ್ರಕಟಿಸಿದ ಪುಟ್ಟ ಕಥೆಯೊಂದರ ಪಾತ್ರ. ಒಂದು ಹೆಂಡದಂಗಡಿ, ಅಲ್ಲಿ ಉದ್ದ ನಿಲುವಂಗಿ ಹಾಕೋ ಅನುಕೂಲಸ್ಥರು ಒಳಗೆ ಕೂತು ಕುಡೀತಾರೆ, ಗಿಡ್ಡ ಅಂಗಿಯ ಕೂಲಿಯೋರು ಹೊರಗೆ ಕೌಂಟರ್ ಹತ್ರ ನಿಂತ್ಕೊಂಡು ಕುಡೀತಾರೆ. ನಿಲುವಂಗಿ ಹಾಕ್ಕೊಂಡು ನಿಂತು ಕುಡಿಯೋನು ಇವನೊಬ್ನೇ. ಓದಿದಾನೆ, ಪರೀಕ್ಷೆ ಪಾಸಾಗಿಲ್ಲ, ಮೈಮುರಿದು ದುಡಿಯಕ್ಕೂ ಮನಸ್ಸಿಲ್ಲ. ಸ್ಕೂಲ್ ಪಠ್ಯದಲ್ಲೇ ಇರೋದ್ರಿಂದ ಅಲ್ಲಿ ಇದು ಎಲ್ಲರಿಗೂ ಗೊತ್ತಿರೋ ಕಥೆ. ನಮ್ಮ ಡಿಗ್ರಿನೇ ಆ ನಿಲುವಂಗಿ, ಬಿಚ್ಚಿ ಬಿಸಾಕಕ್ಕೂ ಆಗ್ತಿಲ್ಲ ಅಂತ ಇವರು ಬರ್ಕೊಂಡ್ರು. ಮಾರ್ಚಲ್ಲಿ ಸರ್ಕಾರಿ ಟಿವಿ ಸಿಸಿಟಿವಿಯೋರು ಇದಕ್ಕೊಂದು ಬುದ್ಧಿವಾದ ಬರೆದ್ರು. ಕೊಂಗ್ ಯೀಜಿ ಹಾಳಾಗಿದ್ದು ಓದಿದ್ದಕ್ಕಲ್ಲ, ಓದಿದೋನು ಅನ್ನೋ ಬಿಂಕ ಬಿಡದೇ ದುಡಿಯಕ್ಕೆ ಒಪ್ಪದೇ ಇದ್ದಿದ್ದಕ್ಕೆ ಅಂತ. ಹುಡುಗ್ರಿಗೆ ಉರಿದೋಯ್ತು. ಬಿಲಿಬಿಲಿ ಅನ್ನೋ ವಿಡಿಯೋ ಸೈಟಲ್ಲಿ ಒಬ್ಬ ಇದರ ಮೇಲೆ ವ್ಯಂಗ್ಯದ ಹಾಡು ಕಟ್ಟಿ ಹಾಕ್ದ, ಸಿಕ್ಕಾಪಟ್ಟೆ ಓಡ್ತು, ಆಮೇಲೆ ಮಾಯ ಆಯ್ತು. ಜೂನಲ್ಲಿ ನಗರಗಳ 16ರಿಂದ 24 ವಯಸ್ಸಿನೋರ ನಿರುದ್ಯೋಗ 21.3 ಪರ್ಸೆಂಟ್ ಅಂತ ಅಂಕಿ ಬಂತು. ಕೆಲಸ ಹುಡುಕೋದನ್ನೇ ಬಿಟ್ಟು ಮನೇಲಿರೋರನ್ನೂ ಸೇರಿಸಿದ್ರೆ ಮಾರ್ಚ್ ತಿಂಗಳಿಗೆ ಅದು 46.5ರ ತನಕ ಹೋಗ್ಬೋದು ಅಂತ ಪೀಕಿಂಗ್ ಯೂನಿವರ್ಸಿಟಿಯ ಪ್ರೊಫೆಸರೊಬ್ರು ಬರೆದಿದ್ರು, ಆ ಲೇಖನನೂ ಸೈಟಿಂದ ಇಳೀತು. ಆಗಸ್ಟಲ್ಲಿ ಸರ್ಕಾರ ಈ ಅಂಕಿ ಕೊಡೋದನ್ನೇ ನಿಲ್ಲಿಸ್ತು. 2024ರ ಜನವರೀಲಿ ಮತ್ತೆ ಶುರು ಮಾಡಿದಾಗ ಓದ್ತಿರೋ ವಿದ್ಯಾರ್ಥಿಗಳನ್ನ ಲೆಕ್ಕದಿಂದ ತೆಗೆದಿದ್ರು, ಡಿಸೆಂಬರ್ ಅಂಕಿ 14.9 ಅಂತ ಬಂತು.

ನೂರು ವರ್ಷ ಹಳೇ ಕಥೆ, ಕೆಲಸ ಇಲ್ಲದ ಹುಡುಗ್ರು, ಆಳೋ ಕಮ್ಯುನಿಸ್ಟ್ ಪಾರ್ಟಿಯ ಬಾಯಿ, ಅಂಕಿ ಅಂಶದ ಆಫೀಸು, ಎಲ್ಲಾ ಒಂದೇ ದಾರದಲ್ಲಿ. ಸಂಸ್ಕೃತಿ ಬೇರೆ ಪೇಪರ್, ಸಮಾಜ ಬೇರೆ ಪೇಪರ್, ರಾಜಕೀಯ ಬೇರೆ ಪೇಪರ್ ಅಂತ ಓದಿದೋರಿಗೆ ಇದು ಕೈಗೆ ಸಿಗಲ್ಲ.

ದೆಹಲಿ, ಮತ್ತೆ ಶಾಂತಿನಿಕೇತನ

ಕಾಸಿಲ್ಲದೋರಿಗೆ ಮೊದಲನೇ ಬಾಗಿಲು ಜೆಎನ್‌ಯು. ಬಿಎ ಆನರ್ಸ್ ಚೈನೀಸ್ ಇದೆ, ಸಿಯುಇಟಿ ಬರೆದು ಹೋಗ್ಬೋದು, ಒಂದಕ್ಷರ ಬರದೇ ಇದ್ರೂ ಸೊನ್ನೆಯಿಂದ ಶುರು ಮಾಡ್ತಾರೆ. ಟ್ಯೂಷನ್ ಫೀ ವರ್ಷಕ್ಕೆ ನೂರರ ಲೆಕ್ಕದಲ್ಲಿ, ಬೆಂಗಳೂರಲ್ಲಿ ಮಗುನ ಎಲ್‌ಕೆಜಿಗೆ ಸೇರಿಸೋ ದುಡ್ಡಲ್ಲಿ ಇಲ್ಲಿ ಪಿಎಚ್‌ಡಿ ತನಕ ಮುಗಿಸ್ಬೋದು. ಆದ್ರೆ ಅಲ್ಲಿ ಭಾಷೆ ಒಂದು ಸ್ಕೂಲಲ್ಲಿ, ರಾಜಕೀಯ ಇನ್ನೊಂದು ಸ್ಕೂಲಲ್ಲಿ. ಭಾಷಾ ವಿಭಾಗದೋರು ಸಾಹಿತ್ಯ, ಅನುವಾದ ಓದ್ತಾರೆ, ಇಂಟರ್‌ನ್ಯಾಷನಲ್ ಸ್ಟಡೀಸ್‌ನ ಈಸ್ಟ್ ಏಷ್ಯನ್ ಸೆಂಟರ್‌ನೋರು ವಿದೇಶಾಂಗ ನೀತಿ, ಪಾರ್ಟಿ, ಆರ್ಥಿಕತೆ ಓದ್ತಾರೆ. ಬುದ್ಧಿವಂತರು ಬಿಎ ಭಾಷಾ ವಿಭಾಗದಲ್ಲಿ ಮಾಡಿ ಎಂಎಗೆ ಈಸ್ಟ್ ಏಷ್ಯನ್ ಸೆಂಟರ್ ಕಡೆ ದಾಟ್ತಾರೆ, ನನ್ನ ಕೇಳಿದ್ರೆ ಭಾರತದಲ್ಲಿ ಇದಕ್ಕಿಂತ ಒಳ್ಳೇ ದಾರಿ ಇಲ್ಲ.

ದೆಹಲಿ ಯೂನಿವರ್ಸಿಟಿಯ ಈಸ್ಟ್ ಏಷ್ಯನ್ ಸ್ಟಡೀಸ್ ವಿಭಾಗ 1964ರಲ್ಲಿ ಚೀನಾ ಅಧ್ಯಯನ ಕೇಂದ್ರ ಅಂತ ಶುರುವಾಗಿದ್ದು, ಅಂದ್ರೆ 62ರ ಯುದ್ಧದಲ್ಲಿ ಪೆಟ್ಟು ತಿಂದ ಮೇಲೆ ಎಚ್ಚರ ಆದಾಗ. ಇಲ್ಲಿ ಎಂಎ ಇದೆ, ಒಂದು ವರ್ಷದ ಇಂಟೆನ್ಸಿವ್ ಭಾಷಾ ಕೋರ್ಸೂ ಇದೆ. ಬೇರೆ ಯಾವ್ದೋ ಸಬ್ಜೆಕ್ಟಲ್ಲಿ ಡಿಗ್ರಿ ಮಾಡಿರೋರಿಗೆ, ಅಂದ್ರೆ ಧಾರವಾಡದಲ್ಲಿ ಹಿಸ್ಟರಿ, ಮೈಸೂರಲ್ಲಿ ಪೊಲಿಟಿಕಲ್ ಸೈನ್ಸ್ ಮಾಡಿರೋರಿಗೆ, ಇದು ಜೆಎನ್‌ಯುಗಿಂತ ಹೊಂದತ್ತೆ.

ಶಾಂತಿನಿಕೇತನದ ಚೀನಾ ಭವನ 1937ರಲ್ಲಿ ಟಾಗೋರರು ಮತ್ತೆ ಚೀನೀ ವಿದ್ವಾಂಸ ತಾನ್ ಯುನ್‌ಶಾನ್ ಸೇರಿ ಕಟ್ಟಿದ್ದು, ಹಳೇ ಗ್ರಂಥಗಳ ಸಂಗ್ರಹಕ್ಕೆ ಹೆಸರುವಾಸಿ. ಬೌದ್ಧ ಧರ್ಮ, ಹಳೇ ಸಂಬಂಧ, ಸಾಹಿತ್ಯ ಅಂದ್ರೆ ಹೋಗಿ. ಶಿ ಜಿನ್‌ಪಿಂಗ್ ರಾಜಕೀಯ ಅಂದ್ರೆ ದೆಹಲಿನೇ ಇರ್ಲಿ.

ದೆಹಲಿಯ ನಿಜವಾದ ಲಾಭ ಕ್ಯಾಂಪಸ್ ಹೊರಗಡೆ ಇದೆ. ಇನ್‌ಸ್ಟಿಟ್ಯೂಟ್ ಆಫ್ ಚೈನೀಸ್ ಸ್ಟಡೀಸ್ ಅಂತ ಒಂದು ಸಂಸ್ಥೆ ಇದೆ, 1969ರ ಹೊತ್ತಲ್ಲಿ ಕೆಲವು ಪ್ರೊಫೆಸರ್‌ಗಳು, ಪತ್ರಕರ್ತರು, ಅಧಿಕಾರಿಗಳು ಸೇರಿ ಮಾತಾಡ್ತಿದ್ದ ಗುಂಪಿಂದ ಬೆಳೆದಿದ್ದು, ಚೈನಾ ರಿಪೋರ್ಟ್ ಅನ್ನೋ ಜರ್ನಲ್ ಹಿಂದಿರೋರೂ ಇವರೇ. ಹಾರ್ವರ್ಡ್ ಯೆನ್‌ಚಿಂಗ್ ಸಂಸ್ಥೆ ಜೊತೆ ಸೇರಿ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಡೋ ಫೆಲೋಶಿಪ್‌ನಲ್ಲಿ ಭಾಷೆ ಕಲಿಯಕ್ಕೂ ಹೊರದೇಶಕ್ಕೆ ಕಳಿಸ್ತಾರೆ, ಹಾರ್ವರ್ಡ್‌ಗೂ ಕಳಿಸ್ತಾರೆ. ಇದರ ಬಗ್ಗೆ ಕರ್ನಾಟಕದ ಕಾಲೇಜುಗಳಲ್ಲಿ ಒಬ್ಬರಿಗೂ ಸುಳಿವಿರಲ್ಲ.

ಈಗ ನಮ್ಮ ಕೊಂಗ್ ಯೀಜಿನ ದೆಹಲಿಯಿಂದ ನೋಡಿ. ಲು ಶುನ್ ಕಥೆ ಮೂಲದಲ್ಲೇ ಓದ್ಬೋದು, ಮೇಷ್ಟ್ರು ಚೆನ್ನಾಗೇ ಹೇಳ್ಕೊಡ್ತಾರೆ. ಸಿಸಿಟಿವಿ ಬರಹನೂ ಸಿಗತ್ತೆ. ಆದ್ರೆ ಹುಡುಗ್ರು ಬೈದಿದ್ದು ಎಲ್ಲಿ? 2020ರ ಜೂನ್ 29ಕ್ಕೆ ನಮ್ಮ ಸರ್ಕಾರ ಬ್ಯಾನ್ ಮಾಡಿದ 59 ಆಪ್‌ಗಳ ಪಟ್ಟೀಲಿ ಟಿಕ್‌ಟಾಕ್ ಜೊತೆ ವಾಟ್ಸಾಪ್ ಥರದ ವೀಚಾಟ್, ಟ್ವಿಟರ್ ಥರದ ವೇಬೋನೂ ಇದ್ವು. ಸೆಕ್ಯುರಿಟಿ ಕಾರಣ ಏನೇ ಇರ್ಲಿ, ಚೀನೀ ಸಮಾಜ ಓದೋ ಭಾರತೀಯ ವಿದ್ಯಾರ್ಥಿಗೆ ಆ ಸಮಾಜ ಮಾತಾಡೋ ಜಗಲಿಗೇ ಬೀಗ ಬಿತ್ತು. ಮೇಲಿಂದ 2023ರ ಏಪ್ರಿಲಲ್ಲಿ ಚೀನಾದೋರೂ ತಮ್ಮ ದೊಡ್ಡ ಅಕಾಡೆಮಿಕ್ ಡೇಟಾಬೇಸ್ ಸಿಎನ್‌ಕೆಐಗೆ ಹೊರದೇಶದೋರ ಪ್ರವೇಶನ ಬಿಗಿ ಮಾಡಿದ್ರು. ಎರಡೂ ಕಡೆಯಿಂದ ಬಾಗಿಲು. ಹಂಗಾಗಿ ದೆಹಲೀಲಿ ಓದೋರು ಮಧ್ಯದಲ್ಲಿ ಒಂದ್ಸಲ ಆಚೆ ಹೋಗ್ಲೇಬೇಕು, ಹೋಗದೇ ಪಿಎಚ್‌ಡಿ ಮುಗಿಸಿದೋರೂ ಇದಾರೆ, ಅವರ ಬರವಣಿಗೇಲಿ ಅದು ಕಾಣತ್ತೆ.

ಚೀನಾಗೇ ಹೋಗೋದು

ಕೋವಿಡ್ ಟೈಮಲ್ಲಿ ಎರಡೂವರೆ ವರ್ಷ ನಮ್ಮ ಹುಡುಗ್ರಿಗೆ ಬಾಗಿಲು ಮುಚ್ಚಿತ್ತು, 2022ರ ಆಗಸ್ಟಲ್ಲಿ ಸ್ಟೂಡೆಂಟ್ ವೀಸಾ ಮತ್ತೆ ಶುರುವಾಯ್ತು, 2025ರ ಅಕ್ಟೋಬರ್‌ನಿಂದ ನೇರ ವಿಮಾನನೂ ಬಂತು. ಈಗ ಹೋಗೋದು ಕಷ್ಟ ಇಲ್ಲ. ಹೋಗಿ ಏನು ಮಾಡ್ತೀರಾ ಅನ್ನೋದೇ ಪ್ರಶ್ನೆ.

ಎಲ್ಲರ ಬಾಯಲ್ಲೂ ಬರೋದು ಎರಡು ಹೆಸರು. ಬೀಜಿಂಗ್‌ನ ತ್ಸಿಂಗ್‌ಹುವಾ ಯೂನಿವರ್ಸಿಟೀಲಿ ಶ್ವಾರ್ಜ್‌ಮನ್ ಸ್ಕಾಲರ್ಸ್, ಪೀಕಿಂಗ್ ಯೂನಿವರ್ಸಿಟೀಲಿ ಯೆನ್‌ಚಿಂಗ್ ಅಕಾಡೆಮಿ. ಎರಡೂ ಇಂಗ್ಲಿಷ್‌ನಲ್ಲಿ ನಡೆಯೋ ಮಾಸ್ಟರ್ಸ್, ಎರಡಕ್ಕೂ ಪೂರ್ತಿ ಸ್ಕಾಲರ್‌ಶಿಪ್, ಎರಡೂ ಸಿಗೋದು ಕಷ್ಟ. ಹೊರಗಿಂದ ಒಂದೇ ಥರ ಕಂಡ್ರೂ ಬೇರೆ ಬೇರೆ. ಶ್ವಾರ್ಜ್‌ಮನ್ ಒಂದು ವರ್ಷದ ಗ್ಲೋಬಲ್ ಅಫೇರ್ಸ್ ಡಿಗ್ರಿ, 28ರೊಳಗಿನೋರಿಗೆ, ವರ್ಷಕ್ಕೆ ಸುಮಾರು 150 ಜನ, ಎಲ್ಲಾ ಮುಂದೆ ಮಿನಿಸ್ಟ್ರೋ ಸಿಇಒನೋ ಆಗೋ ಥರದೋರು, ಅವರಿಗೇ ಅಂತ ಕಟ್ಟಿದ ಬಿಲ್ಡಿಂಗಲ್ಲಿ ಇರ್ತಾರೆ. ನೆಟ್‌ವರ್ಕಿಂಗ್‌ಗೆ ಇದರಂಥದ್ದು ಇಲ್ಲ. ಚೀನಾ ಕಲಿಯಕ್ಕೆ ಅಂತ ಹೋದ್ರೆ ನಿರಾಸೆ ಆಗ್ಬೋದು, ಆ ಬಿಲ್ಡಿಂಗಿಂದ ಆಚೆ ಎಷ್ಟು ಹೋಗ್ತೀರಾ ಅನ್ನೋದು ನಿಮ್ಮ ಕೈಲಿ. ಯೆನ್‌ಚಿಂಗ್ ಡಿಗ್ರಿಯ ಹೆಸರೇ ಚೈನಾ ಸ್ಟಡೀಸ್, ರಾಜಕೀಯದಿಂದ ಹಿಡಿದು ಸಾಹಿತ್ಯ, ತತ್ವಶಾಸ್ತ್ರ, ಪುರಾತತ್ವ ತನಕ ಆರು ವಿಭಾಗ, ಥೀಸಿಸ್ ಬರೀಬೇಕು. ನಮ್ಮ ಸಬ್ಜೆಕ್ಟ್‌ಗೆ ಯೆನ್‌ಚಿಂಗೇ ಮೇಲು, ಅನುಮಾನನೇ ಇಲ್ಲ.

ಮೂರನೇದು ಜಾಸ್ತಿ ಜನಕ್ಕೆ ಗೊತ್ತಿಲ್ಲ, ನಾನ್‌ಜಿಂಗ್‌ನ ಹಾಪ್ಕಿನ್ಸ್ ನಾನ್‌ಜಿಂಗ್ ಸೆಂಟರ್, 1986ರಿಂದ ಇದೆ. ಹೊರಗಿನೋರು ಚೀನೀ ಭಾಷೇಲಿ ಚೀನೀ ಪ್ರೊಫೆಸರ್‌ಗಳ ಹತ್ರ ಕ್ಲಾಸ್ ತಗೊಳ್ತಾರೆ, ಚೀನೀ ವಿದ್ಯಾರ್ಥಿಗಳು ಇಂಗ್ಲಿಷ್‌ನಲ್ಲಿ ತಗೊಳ್ತಾರೆ, ಲೈಬ್ರರಿ ಸೆನ್ಸಾರ್ ಇಲ್ದೇ ನಡೆಯತ್ತೆ ಅಂತ ಅದರ ಹೆಗ್ಗಳಿಕೆ. ಆದ್ರೆ ಭಾಷೆ ಆಗ್ಲೇ ಗಟ್ಟಿ ಬರ್ಬೇಕು, ಫೀನೂ ಅಮೆರಿಕದ ಫೀ.

ನಾಲ್ಕನೇದು ಚೀನಾ ಸರ್ಕಾರದ್ದೇ ಸಿಎಸ್‌ಸಿ ಸ್ಕಾಲರ್‌ಶಿಪ್. ಫೀ, ಹಾಸ್ಟೆಲ್ ಜೊತೆಗೆ ಮಾಸ್ಟರ್ಸ್‌ನೋರಿಗೆ ತಿಂಗಳಿಗೆ 3000 ಯುವಾನ್, ಪಿಎಚ್‌ಡಿಯೋರಿಗೆ 3500. ಶಾಂಘೈಲಿ ಇದು ಕೈ ಬಾಯಿಗೆ ಸರಿ ಹೋಗತ್ತೆ ಅಷ್ಟೇ, ಕುನ್‌ಮಿಂಗ್, ಚೆಂಗ್ಡು, ವುಹಾನ್‌ನಲ್ಲಿ ಆರಾಮಾಗಿ ಇರ್ಬೋದು. ಮೊದಲ ಸಲ ಹೋಗೋರು ಇಂಥ ಎರಡನೇ ಸಾಲಿನ ಊರಿಗೇ ಹೋಗಿ ಅಂತೀನಿ, ಇಂಗ್ಲಿಷ್ ಮಾತಾಡೋರು ಕಮ್ಮಿ ಇರೋದ್ರಿಂದ ಅನಿವಾರ್ಯವಾಗಿ ಬಾಯಿ ಬಿಡ್ತೀರ.

ಹುಕೊ ಅಂತ 1958ರಿಂದ ಬಂದಿರೋ ಮನೆ ನೋಂದಣಿ ಪದ್ಧತಿ ಬಗ್ಗೆ ಯಾವ ಪುಸ್ತಕದಲ್ಲಾದ್ರೂ ಓದ್ಬೋದು, ಆದ್ರೆ ಕ್ಯಾಂಪಸ್ ಗೇಟಲ್ಲಿ ನೂಡಲ್ಸ್ ಮಾರೋ ಅಕ್ಕ ತನ್ನ ಮಗನ್ನ ಯಾಕೆ ಊರಲ್ಲಿ ಅಜ್ಜಿ ಹತ್ರ ಬಿಟ್ಟಿದಾಳೆ, ಹೈಸ್ಕೂಲ್‌ಗೆ ಯಾಕೆ ಅವನು ಇಲ್ಲಿ ಸೇರಕ್ಕಾಗಲ್ಲ, ಕಾಲೇಜಿಗೆ ಸೇರಕ್ಕೆ ಬರೆಯೋ ಗಾವ್‌ಕಾವ್ ಪರೀಕ್ಷೆ ಯಾಕೆ ಊರಲ್ಲೇ ಬರೀಬೇಕು ಅಂತ ಅವಳ ಬಾಯಲ್ಲೇ ಕೇಳಿದ್ರೆ ಆ ಪುಟಗಳು ಬೇರೆ ಥರ ಅರ್ಥ ಆಗ್ತವೆ. 2024ರಲ್ಲಿ ಆ ಪರೀಕ್ಷೆಗೆ 1 ಕೋಟಿ 34 ಲಕ್ಷ ಜನ ಹೆಸರು ಬರೆಸಿದ್ರು. ಅಷ್ಟು ಜನ ಯಾಕೆ ಜೀವ ಬಿಡ್ತಾರೆ, ಬಿಟ್ಟು ಆಮೇಲೆ ಯಾಕೆ ಕೊಂಗ್ ಯೀಜಿ ಆಗ್ತಾರೆ ಅನ್ನೋದು ಹಾಸ್ಟೆಲ್‌ನಲ್ಲಿ, ಕ್ಯಾಂಟೀನ್‌ನಲ್ಲಿ, ಕ್ಯಾಂಪಸ್ ಜಾಬ್ ಫೇರ್‌ನಲ್ಲಿ ಕಣ್ಮುಂದೆ ಇರತ್ತೆ.

ಕಣ್ಮುಂದೆ ಇರತ್ತೆ, ಆದ್ರೆ ಅದನ್ನ ಥೀಸಿಸ್‌ನಲ್ಲಿ ಬರೆಯೋದು ಬೇರೆ ಮಾತು. ನಿರುದ್ಯೋಗದ ಮೇಲೆ ಬರೀತೀನಿ ಅಂದ್ರೆ ಗೈಡ್ ಒಪ್ಬೋದು, ಡಿಲೀಟ್ ಆದ ಹಾಡಿನ ಮೇಲೆ ಬರೀತೀನಿ ಅಂದ್ರೆ ಮೆತ್ತಗೆ ಬೇರೆ ಟಾಪಿಕ್ ಕಡೆ ತಿರುಗಿಸ್ತಾರೆ, ಅವರ ಕೆಲಸಾನೂ ಉಳೀಬೇಕಲ್ಲ. 2023ರ ಜುಲೈ 1ರಿಂದ ಗೂಢಚರ್ಯೆ ತಡೆ ಕಾನೂನನ್ನ ಬಿಗಿ ಮಾಡಿದ್ಮೇಲೆ ವಿದೇಶೀಯರಿಗೆ ಇಂಟರ್‌ವ್ಯೂ ಕೊಡಕ್ಕೆ ಜನಾನೂ ಹಿಂದೆ ಮುಂದೆ ನೋಡ್ತಾರೆ. ಟಿಬೆಟ್, ಶಿನ್‌ಜಿಯಾಂಗ್ ಅಂತೂ ಮರೆತುಬಿಡಿ. ಮುಖ್ಯವಾದ ಮಾತು, ನಿಮ್ಮ ಜೊತೆ ಮನಸ್ಸು ಬಿಚ್ಚಿ ಮಾತಾಡಿದ ಚೀನೀ ಗೆಳೆಯನಿಗೆ ನಿಮ್ಮಿಂದ ತೊಂದ್ರೆ ಆಗ್ಬಾರ್ದು. ನೀವು ವಿಮಾನ ಹತ್ತಿ ಬಂದ್ಬಿಡ್ತೀರ, ಅವನು ಅಲ್ಲೇ ಇರ್ತಾನೆ. ಹೆಸರು, ಊರು, ಚಾಟ್ ಸ್ಕ್ರೀನ್‌ಶಾಟ್ ಯಾವ್ದನ್ನೂ ಎಲ್ಲೂ ಹಾಕ್ಬೇಡಿ.

ತೈಪೆ: ನನ್ನ ಮೊದಲ ಆಯ್ಕೆ, ಒಂದು ಷರತ್ತಿನ ಮೇಲೆ

ಭಾಷೆ ಕಲಿಯಕ್ಕೆ ಮಾತ್ರ ಅಂದ್ರೆ ನಾನು ತೈವಾನ್ ಅಂತೀನಿ. ನ್ಯಾಷನಲ್ ತೈವಾನ್ ನಾರ್ಮಲ್ ಯೂನಿವರ್ಸಿಟಿಯ ಮ್ಯಾಂಡರಿನ್ ಟ್ರೈನಿಂಗ್ ಸೆಂಟರ್ 1956ರಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೆ, ನ್ಯಾಷನಲ್ ತೈವಾನ್ ಯೂನಿವರ್ಸಿಟಿಯ ಐಸಿಎಲ್‌ಪಿ ಅನ್ನೋ ಭಾಷಾ ಕೋರ್ಸ್ ಇನ್ನೂ ಕಠಿಣ, ಪಿಎಚ್‌ಡಿ ಮಾಡೋರಿಗೆ. ದುಡ್ಡಿಗೆ ಹುವಾಯು ಎನ್‌ರಿಚ್‌ಮೆಂಟ್ ಸ್ಕಾಲರ್‌ಶಿಪ್ ಇದೆ, ಬೇಸಿಗೆಯ ಎರಡು ತಿಂಗಳಿಂದ ಹಿಡಿದು ಒಂದು ವರ್ಷದ ತನಕ. ಕರ್ನಾಟಕದೋರು ಚೆನ್ನೈಲಿರೋ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರದ ಮೂಲಕ ಅರ್ಜಿ ಹಾಕ್ಬೇಕು, ದೆಹಲಿಗೆ ಓಡೋದು ಬೇಡ. ಇಲ್ಲೊಂದು ಮೋಸ ಹೋಗೋ ಜಾಗ ಇದೆ. ಸ್ಕಾಲರ್‌ಶಿಪ್ ಅಂದ್ರೆ ತಿಂಗಳ ಹಣ ಮಾತ್ರ, ಕೋರ್ಸ್ ಫೀನ ಅದರಲ್ಲೇ ಕಟ್ಕೋಬೇಕು, ತೈಪೆಲಿ ರೂಮ್ ಬಾಡಿಗೆನೂ ಕಮ್ಮಿ ಇಲ್ಲ. ಕೈಯಿಂದ ಒಂದಷ್ಟು ಹೋಗೇ ಹೋಗತ್ತೆ. ವಾರಕ್ಕೆ 15 ಗಂಟೆ ಕ್ಲಾಸ್ ಕಡ್ಡಾಯ, ಮಾರ್ಕ್ಸ್ 80ಕ್ಕಿಂತ ಇಳಿದ್ರೆ ಹಣ ನಿಲ್ಲಿಸ್ತಾರೆ.

ಸಸ್ಯಾಹಾರಿಗಳು ಕೇಳೇ ಕೇಳ್ತಾರೆ, ಅದಕ್ಕೆ ಹೇಳ್ಬಿಡ್ತೀನಿ. ತೈವಾನ್‌ನಲ್ಲಿ ಬೌದ್ಧರ ಸಸ್ಯಾಹಾರಿ ಹೋಟ್ಲುಗಳು ಗಲ್ಲಿಗಲ್ಲೀಲಿ ಇವೆ, ಎಷ್ಟೋ ಕಡೆ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ. ಉಡುಪಿ ಮಠದ ಊಟ ಉಂಡು ಬೆಳೆದೋರೂ ಬದುಕ್ತಾರೆ. ಚೀನಾದಲ್ಲಿ ಬರೀ ತರಕಾರಿ ಅಂತ ಹೇಳಿದ್ರೂ ಮೇಲೆ ಚೂರು ಹಂದಿ ಕೈಮ ಉದುರಿಸಿ ತರ್ತಾರೆ, ಪಾಪ ರುಚಿಗೆ ಅಂತ.

ತೈವಾನ್‌ನಲ್ಲಿ ಕಲಿಸೋದು ಹಳೇ ಪೂರ್ತಿ ಲಿಪಿ, ಚೀನಾದಲ್ಲಿ ಸರಳ ಮಾಡಿದ ಲಿಪಿ. ಎಲ್ಲಾ ಇದಕ್ಕೆ ಹೆದರ್ತಾರೆ, ಹೆದರ್ಬೇಡಿ, ಹಳೇದು ಬಂದ್ರೆ ಹೊಸದು ಓದೋದು ಕೆಲವು ವಾರದ ಕೆಲಸ, ಉಲ್ಟಾ ಹೋಗೋದು ಕಷ್ಟ. ಭಾಷಾ ಪರೀಕ್ಷೆನೂ ಬೇರೆ, ತೈವಾನ್‌ಗೆ ಟಿಒಸಿಎಫ್‌ಎಲ್, ಚೀನಾಗೆ ಎಚ್‌ಎಸ್‌ಕೆ. ಮುಂದೆ ಸಿಎಸ್‌ಸಿಗೆ ಅರ್ಜಿ ಹಾಕೋ ಯೋಚನೆ ಇದ್ರೆ ಎಚ್‌ಎಸ್‌ಕೆನೂ ಬರೆದಿಟ್ಕೊಳ್ಳಿ.

ಸಬ್ಜೆಕ್ಟ್ ಓದಕ್ಕೆ ನ್ಯಾಷನಲ್ ಚೆಂಗ್‌ಚಿ ಯೂನಿವರ್ಸಿಟಿ ಇದೆ, ಚೀನಾ ಪಾರ್ಟಿ ರಾಜಕೀಯ ನೋಡೋದ್ರಲ್ಲಿ ಅವರದು ಹಳೇ ಕೈ, ಅಲ್ಲಿನ ಇಂಟರ್‌ನ್ಯಾಷನಲ್ ರಿಲೇಷನ್ಸ್ ಸಂಸ್ಥೆ 1953ರದ್ದು. ಇಂಗ್ಲಿಷ್‌ನಲ್ಲಿ ಏಷ್ಯಾ ಪೆಸಿಫಿಕ್ ಸ್ಟಡೀಸ್ ಮಾಸ್ಟರ್ಸ್‌ನೂ ಇದೆ. ಕೊಂಗ್ ಯೀಜಿ ಹಾಡನ್ನ ಇಲ್ಲಿ ಕೂತು ಯಾರ ಅಪ್ಪಣೆನೂ ಇಲ್ದೇ ಚರ್ಚೆ ಮಾಡ್ಬೋದು, ವೇಬೋ ನೋಡ್ಬೋದು, ಡಿಲೀಟ್ ಆಗಿದ್ದನ್ನ ಸೇವ್ ಮಾಡಿಟ್ಟೋರು ಸಿಗ್ತಾರೆ. ಆದ್ರೆ ಸಮುದ್ರದಾಚೆಯ ಹುಡುಗನ ದಿನನಿತ್ಯ ಇಲ್ಲಿಂದ ಕಾಣಲ್ಲ.

ಷರತ್ತು ಏನಂದ್ರೆ, ತೈವಾನ್‌ನ ಚೀನಾಗೆ ಬದಲಿ ಅಂತ ಅಂದ್ಕೊಂಡು ಹೋಗ್ಬೇಡಿ. 1996ರಿಂದ ಅಲ್ಲಿ ಜನ ತಮ್ಮ ಅಧ್ಯಕ್ಷರನ್ನ ತಾವೇ ನೇರವಾಗಿ ಆರಿಸ್ತಾರೆ, 2019ರಲ್ಲಿ ಸಲಿಂಗ ಮದುವೆ ಕಾನೂನು ಬಂತು, ಅಲ್ಲಿನ ಇಪ್ಪತ್ತು ವರ್ಷದ ಹುಡುಗಿ ಚೀನಾದ ಇಪ್ಪತ್ತು ವರ್ಷದ ಹುಡುಗಿ ಬೆಳೆದ ಥರ ಬೆಳೆದಿಲ್ಲ. ಕ್ಲಾಸಲ್ಲಿ ಕಲಿತ ಭಾಷೆ ಎರಡೂ ಕಡೆ ನಡೆಯತ್ತೆ, ಸಮಾಜ ಬೇರೆ. ತೈವಾನ್‌ನಲ್ಲಿ ಒಂದು ವರ್ಷ ಇದ್ದು ಬಂದು ಚೀನೀಯರು ಹೀಗೆ ಹಾಗೆ ಅಂತ ಬರೆಯೋರನ್ನ ನೋಡಿದ್ರೆ ಎರಡು ಕಡೆಯೋರಿಗೂ ಕೋಪ ಬರತ್ತೆ, ಬರಲೇಬೇಕು.

ಲಂಡನ್, ಆಕ್ಸ್‌ಫರ್ಡ್, ಹೈಡಲ್‌ಬರ್ಗ್

ಇದನ್ನ ಬೇಗ ಮುಗಿಸ್ತೀನಿ, ಯಾಕಂದ್ರೆ ಏಜೆನ್ಸಿಯೋರು ಸಾಕಷ್ಟು ಹೇಳಿರ್ತಾರೆ. ಲಂಡನ್‌ನ ಸೋಆಸ್, ಅಂದ್ರೆ ಏಷ್ಯಾ ಆಫ್ರಿಕಾ ಅಧ್ಯಯನಕ್ಕೇ ಅಂತ ಇರೋ ಯೂನಿವರ್ಸಿಟಿ, ಅಲ್ಲಿ ಲೈಬ್ರರಿ, ಪ್ರೊಫೆಸರ್‌ಗಳು, ಈ ಕ್ಷೇತ್ರದ ದೊಡ್ಡ ಜರ್ನಲ್ ಚೈನಾ ಕ್ವಾರ್ಟರ್ಲಿ, ಎಲ್ಲಾ ಇದೆ. ಆಕ್ಸ್‌ಫರ್ಡ್‌ನಲ್ಲಿ ಸಮಕಾಲೀನ ಚೀನಾ ಮೇಲೆ ಒಂದು ವರ್ಷದ ಎಂಎಸ್‌ಸಿ, ಜಾಸ್ತಿ ಭಾಷೆ ಇರೋ ಎರಡು ವರ್ಷದ ಎಂಫಿಲ್. ಕ್ಲಾಸಲ್ಲಿ ಅರ್ಧ ಜನ ಚೀನೀ ವಿದ್ಯಾರ್ಥಿಗಳೇ ಇರ್ತಾರೆ, ಅವರು ಬೀಜಿಂಗ್‌ನಲ್ಲಿ ಮಾತಾಡಕ್ಕಾಗದೇ ಇರೋದನ್ನ ಇಲ್ಲಿ ಮಾತಾಡ್ತಾರೆ, ಎಲ್ಲರೂ ಅಲ್ಲ, ಎಲ್ಲಾ ಸಲನೂ ಅಲ್ಲ. ಥಿಯರಿ, ಬರವಣಿಗೆ, ಹೆಸರು, ಇವು ಬೇಕಾದ್ರೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಆದ್ರೆ ಭಾಷೆ ಬರದೇ ಒಂದು ವರ್ಷದ ಬ್ರಿಟಿಷ್ ಮಾಸ್ಟರ್ಸ್‌ಗೆ ಸಾಲ ಮಾಡಿ ಹೋಗೋದು ಈ ಇಡೀ ಪಟ್ಟೀಲಿ ಅತಿ ಕೆಟ್ಟ ಆಯ್ಕೆ. ಒಂಬತ್ತು ತಿಂಗಳು ಇಂಗ್ಲಿಷ್ ಪುಸ್ತಕ ಓದ್ತೀರ, ಮೂರು ತಿಂಗಳು ಥೀಸಿಸ್, ಮನೆಗೆ ಬಂದಾಗ ಒಂದು ಡಿಗ್ರಿ, ದೊಡ್ಡ ಇಎಂಐ, ಚೀನೀ ಪೇಪರ್ ಮಾತ್ರ ಓದಕ್ಕೆ ಬರಲ್ಲ. ಹೋಗ್ಲೇಬೇಕು ಅಂದ್ರೆ ಫೀಲಿಕ್ಸ್ ಸ್ಕಾಲರ್‌ಶಿಪ್ ಇಲ್ಲಾ ಬ್ರಿಟಿಷ್ ಸರ್ಕಾರದ ಚೀವನಿಂಗ್ ಸ್ಕಾಲರ್‌ಶಿಪ್ ಹಿಡೀರಿ, ಫೀಲಿಕ್ಸ್‌ನೋರು ಸೋಆಸ್‌ಗೂ ಆಕ್ಸ್‌ಫರ್ಡ್‌ಗೂ ಭಾರತೀಯರನ್ನ ಕಳಿಸ್ತಾರೆ. ಯುರೋಪೇ ಬೇಕು ಕಾಸು ಕಮ್ಮಿ ಅಂದ್ರೆ ಜರ್ಮನಿ ನೋಡಿ, ಹೈಡಲ್‌ಬರ್ಗ್‌ನ ಚೀನಾ ಅಧ್ಯಯನ ವಿಭಾಗ ಗಟ್ಟಿ, ಆ ರಾಜ್ಯದಲ್ಲಿ ನಮ್ಮಂಥೋರಿಗೆ ಸೆಮಿಸ್ಟರ್‌ಗೆ 1500 ಯೂರೋ ಫೀ, ಬ್ರಿಟನ್ ಮುಂದೆ ಅದು ಏನೂ ಅಲ್ಲ. ಜರ್ಮನ್ ಎಷ್ಟು ಬೇಕು ಅಂತ ಕೋರ್ಸ್ ನೋಡಿ ಖಚಿತ ಮಾಡ್ಕೊಳ್ಳಿ.

ಹಾಂಗ್‌ಕಾಂಗ್‌ನ ಹೆಸರು ಹಳೇ ಪ್ರೊಫೆಸರ್‌ಗಳು ಈಗ್ಲೂ ಹೇಳ್ತಾರೆ. ಅಲ್ಲಿನ ಚೈನೀಸ್ ಯೂನಿವರ್ಸಿಟೀಲಿದ್ದ ಯೂನಿವರ್ಸಿಟೀಸ್ ಸರ್ವಿಸ್ ಸೆಂಟರ್‌ಗೆ ಪ್ರಪಂಚದ ಚೀನಾ ತಜ್ಞರೆಲ್ಲ ಬರ್ತಿದ್ರು, 1963ರಲ್ಲಿ ಶುರುವಾಗಿದ್ದು, 2021ರಲ್ಲಿ ಅದನ್ನ ಯೂನಿವರ್ಸಿಟಿ ಲೈಬ್ರರಿಗೆ ಸೇರಿಸಿಬಿಟ್ರು. 2020ರ ರಾಷ್ಟ್ರೀಯ ಭದ್ರತಾ ಕಾನೂನಿನ ನಂತರ ಆ ಊರಿನ ಗಾಳಿನೇ ಬೇರೆ. ಸಿಂಗಾಪುರದ ಈಸ್ಟ್ ಏಷ್ಯನ್ ಇನ್‌ಸ್ಟಿಟ್ಯೂಟ್ ಒಳ್ಳೇದು, ಆದ್ರೆ ಅದು ಕಲಿಯೋರಿಗಿಂತ ಆಗ್ಲೇ ಕಲಿತೋರಿಗೆ.

ಊರು ಬಿಡಕ್ಕಾಗಲ್ಲ ಅನ್ನೋರಿಗೆ

ಮನೆ, ಮಕ್ಕಳು, ಹೋಮ್ ಲೋನ್ ಇರೋರಿಗೂ ದಾರಿ ಇದೆ. ಬೆಂಗಳೂರಿನ ತಕ್ಷಶಿಲಾ ಅನ್ನೋ ಥಿಂಕ್ ಟ್ಯಾಂಕಲ್ಲಿ ಚೀನಾ ಮೇಲೆ ಕೆಲಸ ಮಾಡೋ ತಂಡ ಇದೆ, ಅಲ್ಲಿನ ಮನೋಜ್ ಕೇವಲ್‌ರಮಣಿ ಚೀನಾ ಕಮ್ಯುನಿಸ್ಟ್ ಪಾರ್ಟಿಯ ಪೀಪಲ್ಸ್ ಡೈಲಿ ಪೇಪರ್‌ನ ಓದಿ ಅದರಲ್ಲಿ ಏನಿದೆ, ಯಾವ್ದಕ್ಕೆ ಎಷ್ಟು ಜಾಗ ಕೊಟ್ಟಿದಾರೆ ಅಂತ ಇಂಗ್ಲಿಷ್‌ನಲ್ಲಿ ಬರೆಯೋ ನ್ಯೂಸ್‌ಲೆಟರ್‌ನ ಆರು ತಿಂಗಳು ಬಿಡದೇ ಓದಿ ನೋಡಿ. ಮೊದಲ ತಿಂಗಳು ನಿದ್ದೆ ಬರತ್ತೆ. ಮೂರನೇ ತಿಂಗಳಿಗೆ ಯಾರ ಹೆಸರು ಮೊದಲ ಪುಟದಿಂದ ಕಾಣೆ ಆಯ್ತು ಅಂತ ನೀವೇ ಹುಡುಕಕ್ಕೆ ಶುರು ಮಾಡ್ತೀರ, ಪಾರ್ಟಿ ರಾಜಕೀಯ ಓದೋದು ಅಂದ್ರೆ ಮುಕ್ಕಾಲು ಪಾಲು ಇದೇ ಕೆಲಸ. ಬೆಂಗಳೂರಿನದೇ ಇನ್ನೊಂದು ಸಂಶೋಧನಾ ಸಂಸ್ಥೆ ನಿಯಾಸ್‌ನಲ್ಲೂ ಚೀನಾ ಮೇಲೆ ಕೆಲಸ ನಡೆಯತ್ತೆ. ಚೆನ್ನೈಗೆ ಹೋಗ್ಬೋದಾದ್ರೆ ಐಐಟಿ ಮದ್ರಾಸ್‌ನಲ್ಲಿ ಒಂದು ಚೀನಾ ಅಧ್ಯಯನ ಕೇಂದ್ರ ಇದೆ. ಸೆನ್ಸಾರ್ ಆದೇಶಗಳು, ಡಿಲೀಟ್ ಆದ ಪೋಸ್ಟ್‌ಗಳಿಗೆ ಚೈನಾ ಡಿಜಿಟಲ್ ಟೈಮ್ಸ್ ಸೈಟ್ ಇದೆ, ಕೊಂಗ್ ಯೀಜಿ ಗಲಾಟೆನ ಬೆಂಗಳೂರಿಂದ ಹಿಂಬಾಲಿಸಕ್ಕೆ ಅದೇ ಸುಲಭದ ದಾರಿ. ಭಾಷೆಗೆ ಆನ್‌ಲೈನ್ ಟ್ಯೂಟರ್, ಫೋನಲ್ಲಿ ಪ್ಲೀಕೋ ಡಿಕ್ಷನರಿ. ದಿನಕ್ಕೆ ಒಂದೂವರೆ ಗಂಟೆ ಕೂತ್ರೆ ಎರಡು ವರ್ಷಕ್ಕೆ ಎಚ್‌ಎಸ್‌ಕೆ 4, ಅಂದ್ರೆ ಹಳೇ ಪದ್ಧತಿ ಪ್ರಕಾರ 1200 ಪದ, ಮುಟ್ಬೋದು. ಪೇಪರ್ ಓದಕ್ಕೆ ಅದು ಸಾಲಲ್ಲ, ಸ್ಕಾಲರ್‌ಶಿಪ್ ಅರ್ಜಿಗೆ ಸಾಕು.

ಟಿಬೆಟ್ ಬಗ್ಗೆ ಆಸಕ್ತಿ ಇರೋರು ಮಾತ್ರ ಕರ್ನಾಟಕದಲ್ಲಿ ಹುಟ್ಟಿದ್ದು ಪುಣ್ಯ ಅನ್ಕೋಬೇಕು. ಲಾಸಾಗೆ ಹೋಗಕ್ಕೆ ವಿದೇಶೀಯರಿಗೆ ಪ್ರತ್ಯೇಕ ಪರ್ಮಿಟ್ ಬೇಕು, ಸಂಶೋಧನೆ ಅಂತೂ ದೂರದ ಮಾತು. ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆ, ಮುಂಡಗೋಡ, ಕೊಳ್ಳೇಗಾಲದ ಒಡೆಯರಪಾಳ್ಯ, ಇಲ್ಲೆಲ್ಲ ಅರವತ್ತರ ದಶಕ, ಎಪ್ಪತ್ತರ ದಶಕದಿಂದ ಇರೋ ಜನ ಇದಾರೆ, ಎಷ್ಟೋ ಹಿರಿಯರಿಗೆ ಕನ್ನಡನೂ ಬರತ್ತೆ. ಅಲ್ಲಿ ಸಿಗೋದು ವಲಸೆ ಬಂದೋರ ನೆನಪಿನ ಟಿಬೆಟ್, ಇವತ್ತಿನ ಲಾಸಾ ಹೆಂಗಿದೆ ಅನ್ನೋದಕ್ಕೆ ಅದು ಸಾಕ್ಷಿ ಆಗಲ್ಲ. ಹಂಗಿದ್ರೂ ಯಾವ ವಿದೇಶಿ ವಿದ್ಯಾರ್ಥಿಗೂ ಸಿಗದ ಸಲೀಸು ನಿಮಗಿದೆ, ಟಿಬೆಟನ್ ಭಾಷೆನೂ ಅಲ್ಲೇ ಕಲೀಬೋದು.

ಕೆಲಸದ ಮಾತು, ಆಮೇಲೆ ಯಾರಿಗೆ ಯಾವ್ದು

ಥಿಂಕ್ ಟ್ಯಾಂಕ್ ಕೆಲಸ ಕಮ್ಮಿ, ಸಂಬಳನೂ ಕಮ್ಮಿ. ಕಾಲೇಜು ಕೆಲಸ ಇನ್ನೂ ಕಮ್ಮಿ. ಸರ್ಕಾರದಲ್ಲಿ ಭಾಷೆ ಬರೋರಿಗೆ ಬೇಡಿಕೆ ಇದೆ, ಪರೀಕ್ಷೆ ದಾಟ್ಬೇಕು. ಭಾಷೆ ಗಟ್ಟಿ ಇದ್ರೆ ಕಂಪನಿಗಳ ಸೋರ್ಸಿಂಗ್, ಅನುವಾದ, ಫ್ಯಾಕ್ಟರಿಗಳಲ್ಲಿ ದುಭಾಷಿ ಕೆಲಸ ಸಿಗತ್ತೆ, ಹೊಟ್ಟೆಪಾಡಿಗೆ ತೊಂದ್ರೆ ಇಲ್ಲ. ಸಬ್ಜೆಕ್ಟ್ ಮಾತ್ರ ಇದ್ದು ಭಾಷೆ ಇಲ್ದೋರು ಎಂಬಿಎ ಕಡೆ ಹೋಗಿದ್ದನ್ನ ಬೇಕಾದಷ್ಟು ನೋಡಿದೀನಿ.

ಪಿಯುಸಿ ಮುಗ್ಸಿದೋರು ಕಣ್ಣು ಮುಚ್ಕೊಂಡು ಜೆಎನ್‌ಯು ಬಿಎ, ಮೂರನೇ ವರ್ಷ ಹುವಾಯುಗೆ ಅರ್ಜಿ, ಬಂದು ಎಂಎ, ಆಮೇಲೆ ಯೆನ್‌ಚಿಂಗ್ ಇಲ್ಲಾ ಸಿಎಸ್‌ಸಿ. ಡಿಗ್ರಿ ಆದೋರು ದೆಹಲಿ ಯೂನಿವರ್ಸಿಟಿಯ ಭಾಷಾ ಕೋರ್ಸ್ ಅಥವಾ ಸೀದಾ ತೈಪೆ, ಒಂದು ವರ್ಷ ಬೇರೆ ಏನೂ ಮಾಡ್ದೇ ಬರೀ ಭಾಷೆ, ಅಪ್ಪ ಅಮ್ಮ ಬೈದ್ರೂ ಪರ್ವಾಗಿಲ್ಲ. ಐಟಿಯೋರು ಕೆಲಸ ಬಿಡೋ ಮುಂಚೆ ಮನೇಲೇ ಎಚ್‌ಎಸ್‌ಕೆ 3 ಪಾಸು ಮಾಡಿ ತೋರಿಸಿ, ಅಷ್ಟು ಆಗ್ಲಿಲ್ಲ ಅಂದ್ರೆ ರಾಜೀನಾಮೆ ಕೊಡ್ಬೇಡಿ. ಸಾಹಿತ್ಯ, ಸಿನಿಮಾ, ಇಂಟರ್‌ನೆಟ್ ಸಂಸ್ಕೃತಿ ಕಡೆ ಒಲವಿರೋರಿಗೆ ಚೀನಾದಲ್ಲೇ ಇರೋದು ಜಾಸ್ತಿ ಫಲ, ಆ ವಿಷಯಗಳಲ್ಲಿ ತಡೆಯೋರು ಕಮ್ಮಿ. ಪಾರ್ಟಿ, ಸೇನೆ, ಟಿಬೆಟ್, ಶಿನ್‌ಜಿಯಾಂಗ್ ಅಂದ್ರೆ ಹೊರಗಿಂದಲೇ ಓದ್ಬೇಕು, ಆದ್ರೂ ಬೇರೆ ಯಾವ್ದಾದ್ರೂ ನೆಪದಲ್ಲಿ ಒಂದು ಸೆಮಿಸ್ಟರ್ ಆದ್ರೂ ಚೀನಾದ ಯಾವ್ದೋ ಊರಲ್ಲಿ ಇದ್ದು ಬನ್ನಿ.

ಅರ್ಜಿ ಟೈಮ್: ಶ್ವಾರ್ಜ್‌ಮನ್ ಸೆಪ್ಟೆಂಬರ್ ಹೊತ್ತಿಗೆ ಮುಚ್ಚತ್ತೆ, ಯೆನ್‌ಚಿಂಗ್ ವರ್ಷದ ಕೊನೆಗೆ, ಸಿಎಸ್‌ಸಿ ಯೂನಿವರ್ಸಿಟಿ ಪ್ರಕಾರ ಚಳಿಗಾಲದಿಂದ ಮಾರ್ಚ್ ತನಕ, ಹುವಾಯು ಫೆಬ್ರವರಿ ಮಾರ್ಚ್. ದಿನಾಂಕ ಪ್ರತಿ ವರ್ಷ ಆಚೀಚೆ ಆಗತ್ತೆ, ಅವರವರ ಸೈಟ್ ನೋಡಿ. ಪಾಸ್‌ಪೋರ್ಟ್ ಇಲ್ದೋರು ಇವತ್ತೇ ಹಾಕಿ, ರೆಕಮಂಡೇಷನ್ ಲೆಟರ್ ಕೊಡೋ ಮೇಷ್ಟ್ರಿಗೆ ಎರಡು ತಿಂಗಳು ಮುಂಚೆನೇ ಹೇಳಿಡಿ.